ಕ್ಯಾಪ್ಟನ್ನನ ಜಾಗ

"ಜಾಗ ಬದಲಾಯಿಸಿದ್ದು ಒಳ್ಳೇದೇ ಆಯ್ತು ಬಿಡು. ಇಲ್ಲ, ಭಾವನಿಗೆ ಇನ್ನೂ ಗೊತ್ತಿಲ್ಲ."

ದೋಣಿಯ ಹಿಂಭಾಗದಲ್ಲಿ ಫೋನು ಕಿವಿಗೊತ್ತಿಕೊಂಡು ಪಿಸುಗುಟ್ಟುತ್ತಿದ್ದವನು ಕ್ಯಾಪ್ಟನ್ನನ ಹೆಂಡತಿಯ ತಮ್ಮ. ಹನ್ನೆರಡು ವರ್ಷದಿಂದ ಇದೇ ದೋಣಿಯಲ್ಲಿ ಗಾಳ ಕಟ್ಟುತ್ತಿದ್ದವನು. ಚುಕ್ಕಾಣಿ ಹಿಡಿದು ನಿಂತಿದ್ದ ಕ್ಯಾಪ್ಟನ್ನನ ಕಿವಿಗೆ ಅಷ್ಟು ಬಿದ್ದದ್ದೇ ಸಾಕಾಯಿತು. ಮೂರು ವಾರದಿಂದ ತಲೆ ತಿನ್ನುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಇವನು ಮೀನಿನ ಜಾಗ ಬೇರೆಯವರಿಗೆ ತೋರಿಸಿಕೊಟ್ಟಿದ್ದಾನೆ.

ಮೂರು ವಾರದಿಂದ ಈ ದೋಣಿಗೆ ಒಂದು ಮೀನೂ ಹತ್ತಿರಲಿಲ್ಲ. ಹವ್ಯಾಸಕ್ಕೆಂದು ಗಾಳ ಹಾಕಲು ದೂರದಿಂದ ಬಂದವರೆಲ್ಲ ಮುಖ ಸಪ್ಪೆ ಮಾಡಿಕೊಂಡು ಇಳಿದು ಹೋಗಿದ್ದರು. ಇವತ್ತಿನ ಗಿರಾಕಿ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ಆತನಿಗಿದು ಐದನೆಯ ದಿನ, ಕೊನೆಯದೂ ಹೌದು. ಇವರೂ ಬರಿಗೈಲಿ ಇಳಿದರೆ ದೋಣಿ ಕಟ್ಟುವ ಧಕ್ಕೆಯ ಬೋರ್ಡಿನಿಂದ ನಿನ್ನ ದೋಣಿಯ ಹೆಸರು ಅಳಿಸುತ್ತೇನೆ ಎಂದು ಬುಕಿಂಗ್ ಆಫೀಸಿನವನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ. ಹತ್ತೊಂಬತ್ತು ವರ್ಷದಿಂದ ಆ ಬೋರ್ಡಿನ ಮೊದಲ ಸಾಲಿನಲ್ಲಿದ್ದ ಹೆಸರು ಅದು.

"ಇದೇ ಜಾಗ ಅಂತ ಹೇಗ್ರೀ ಗೊತ್ತಾಗುತ್ತೆ? ಎಲ್ಲಾ ಕಡೆ ನೀರೇ ಅಲ್ವಾ?" ಡಾಕ್ಟರು ಕೇಳಿದರು.

"ದಡದ ಗುರುತು ನೋಡ್ಕೊಂಡು. ಅಲ್ಲಿ ಒಂದು ಹೆಜ್ಜೆ ತಪ್ಪಿದ್ರೆ ಇಲ್ಲಿ ಇಪ್ಪತ್ತು ಹೆಜ್ಜೆ ತಪ್ಪುತ್ತೆ, ಡಾಕ್ಟ್ರೇ."

ಯಾವ ಗುರುತು ಎಂದು ಹೇಳಲಿಲ್ಲ. ಯಾರಿಗೂ ಹೇಳಿದವನಲ್ಲ. ಮೀನು ತೋರಿಸುವ ಯಂತ್ರ ಕೆಟ್ಟು ವರ್ಷವಾದರೂ ರಿಪೇರಿ ಮಾಡಿಸಿರಲಿಲ್ಲ. ತನ್ನ ಕಣ್ಣಿನ ಮೇಲೆ ಅಷ್ಟು ಜಂಬ. ಗುಡ್ಡದ ಮೇಲೆ ಹಳೆಯ ಕಾರ್ಖಾನೆಯ ಚಿಮಣಿ. ಅದರ ಕೆಳಗಿನ ಇಳಿಜಾರಿನಲ್ಲಿ ಅವನದೇ ಉದ್ದನೆಯ ಮನೆ. ಮನೆಯ ತಾರಸಿಯಲ್ಲಿ ಹರವಿದ ಹಳದಿ ಹೊದಿಕೆ ಚಿಮಣಿಯ ನೇರಕ್ಕೆ ಬಂದು, ಆಚೆ ಬದಿಯ ದೀಪಸ್ತಂಭ ಕಡಲಂಚಿನ ಬಂಡೆಯ ಮೂಗಿಗೆ ತಾಗಿತೆಂದರೆ, ದೋಣಿಯ ಕೆಳಗೆ ಮೀನು ತುಂಬಿದ ಕಲ್ಲುದಿಬ್ಬ. ಮದುವೆಯಾದ ವಾರವೇ ಹೆಂಡತಿಗೆ ಹೇಳಿದ್ದ: "ತಾರಸಿ ಮೇಲೆ ದಿನಾ ಇದನ್ನ ಹರವು. ಸಮುದ್ರದಿಂದ ನಮ್ಮನೆ ಕಾಣ್ಬೇಕು ನಂಗೆ." ಅವಳು ನಾಚಿದ್ದಳು. ಅಸಲಿ ಕಾರಣ ಅವಳಿಗೂ ಹೇಳಲಿಲ್ಲ. ಹೇಳಿದರೆ ತಮ್ಮನ ಕಿವಿಗೆ ಹೋಗುತ್ತದೆಂಬ ಭಯ.

ದುರ್ಬೀನು ಎತ್ತಿದ. ಹಳದಿ ಚುಕ್ಕಿ ಇವತ್ತೂ ಇತ್ತು. ಚಿಮಣಿಗೆ ಸರಿಯಾಗಿ ಕೂಡಿಸಿ ಲಂಗರು ಬಿಟ್ಟ. ಗುರುತು ಇದ್ದೂ ಮೀನಿಲ್ಲವೆಂದರೆ ಯಾರೋ ಮೊದಲೇ ಬಂದು ಬಾಚಿಕೊಂಡು ಹೋಗುತ್ತಿದ್ದಾರೆ. ಅಕ್ಕತಮ್ಮ ಇಬ್ಬರೂ ಸೇರಿಯೇ ಮಾಡುತ್ತಿರಬಹುದು. ಅವಳ ರೀತಿಯೂ ಬದಲಾಗಿತ್ತಲ್ಲ. ಮೇಲೆ ಸೆಕೆ ಎಂದು ನೆಪ ಹೇಳಿ ಕೆಳಗಿನ ಕೋಣೆಗೆ ಹಾಸಿಗೆ ಇಳಿಸಿಕೊಂಡಿದ್ದಳು. ಬಾಗಿಲವರೆಗೆ ಬಂದು ಕಳಿಸುವುದು ನಿಂತಿತ್ತು. ಊಟದ ಡಬ್ಬಿ ತುಂಬುತ್ತಿದ್ದವನೂ ತಮ್ಮನೇ.

ಮಧ್ಯಾಹ್ನದವರೆಗೆ ಗಾಳ ಒಮ್ಮೆಯೂ ಅಲುಗಲಿಲ್ಲ.

"ಬುದ್ಧಿಹಲ್ಲು ಕೀಳೋದೇ ಇದಕ್ಕಿಂತ ಸುಲಭ ಕಣ್ರೀ. ವಾಪಸ್ ಹೋಗೋಣ," ಎಂದು ಡಾಕ್ಟರು ಕೋಲು ಕೆಳಗಿಟ್ಟರು.

ಭಾವಮೈದುನ ಲಂಗರು ಎಳೆದ. "ಭಾವ, ಇದ್ರ ತುಂಬಾ ಬರೀ ಕೆಸರು. ಕಲ್ಲಿಗೆ ತಾಗಿದ ಹಾಗೇ ಇಲ್ಲ."

"ಬಾಯಿ ಮುಚ್ಕೊಂಡು ತೊಳಿ."

ಧಕ್ಕೆಗೆ ಬಂದಾಗ ಬೋರ್ಡಿನ ಮೊದಲ ಸಾಲು ಒರೆಸುತ್ತಿದ್ದರು. ಕ್ಯಾಪ್ಟನ್ ಅತ್ತ ತಿರುಗಿ ನೋಡಲಿಲ್ಲ. ಡಾಕ್ಟರು ಇಳಿದು ಹೋಗುವವರೆಗೆ ಹೇಗೋ ತಡೆದುಕೊಂಡ.

"ನಾಳೆಯಿಂದ ನೀನು ಬರ್ಬೇಡ. ನಂಗೆ ಎಲ್ಲಾ ಗೊತ್ತಾಗಿದೆ."

ಭಾವಮೈದುನನ ಮುಖ ಬಿಳಿಚಿಕೊಂಡಿತು. "ಗೊತ್ತಾಯ್ತಾ? ನಾನೇ ಹೇಳ್ಬೇಕಿತ್ತು ಭಾವ, ಆಣೆ ಹಾಕಿಸ್ಕೊಂಡಿದ್ರು. ಸರಿ, ನಾನಿನ್ನು ಮನೇಲೇ ಇರ್ತೀನಿ. ಅಲ್ಲೂ ಒಬ್ರು ಬೇಕಲ್ಲ."

ಆಣೆ ಬೇರೆ! ಕ್ಯಾಪ್ಟನ್ ಉರಿದುಕೊಂಡೇ ಗುಡ್ಡ ಹತ್ತಿದ. ಹೆಂಡತಿಯನ್ನೂ ಇವತ್ತೇ ಕೇಳಿಬಿಡಬೇಕು. ಬೆಳಕು ಹರಿಯುವ ಮುಂಚೆ ಹೊರಟು ಕತ್ತಲಾದ ಮೇಲೆ ಬರುವವನು ಹಾಡುಹಗಲಲ್ಲಿ ಮನೆ ಕಂಡು ಎಷ್ಟು ಕಾಲವಾಗಿತ್ತೋ. ಕೆಳಗಿನ ಕೋಣೆಯ ಬಾಗಿಲು ನೂಕಿದ. ಔಷಧಿಯ ವಾಸನೆ ಮೂಗಿಗೆ ಬಡಿಯಿತು. ಕಿಟಕಿಗೆ ಒತ್ತಿಕೊಂಡ ಮಂಚದಲ್ಲಿ ಅವಳು ಮಲಗಿದ್ದಳು. ರಾತ್ರಿಯ ಮಂಕು ದೀಪದಲ್ಲಿ ಕಾಣದಿದ್ದದ್ದು ಈಗ ಕಂಡಿತು. ಕೆನ್ನೆ ಇರಲಿಲ್ಲ, ಮೂಳೆ ಇತ್ತು.

"ಇಷ್ಟು ಬೇಗ ಬಂದ್ರಾ? ಅವನು ಹೇಳ್ಬಿಟ್ನಾ?" ಅವಳು ಏಳಲು ನೋಡಿದಳು, ಆಗಲಿಲ್ಲ. "ಆಸ್ಪತ್ರೆ ಡಾಕ್ಟ್ರು ಇನ್ನೇನೂ ಮಾಡೋಕಾಗಲ್ಲ ಅಂದ್ರು. ನಿಮಗೆ ಮೊದ್ಲೇ ಮೀನಿನ ಚಿಂತೆ, ಅದಕ್ಕೇ ಹೇಳ್ಲಿಲ್ಲ. ಮೂರು ವಾರ ಆಯ್ತು, ಕಾಲೇ ನಿಲ್ತಿಲ್ಲ ರೀ."

ಅವನು ಮಂಚದ ಪಕ್ಕ ಕುಳಿತ. ಏನೋ ಒಂದು ಕೇಳಬೇಕೆಂದು ಕೇಳಿದ. "ಮತ್ತೆ... ಆ ಹೊದಿಕೆ? ದಿನಾ ಕಾಣ್ತಿತ್ತಲ್ಲ?"

ಅವಳ ಮುಖ ಅರಳಿತು. "ಅದನ್ನ ತಪ್ಪಿಸ್ತೀನಾ? ಆ ತುದಿಯ ತಾರಸಿ ಹತ್ತೋಕಾಗ್ಲಿಲ್ಲ, ಮನೆಯ ಈ ತುದಿಗೆ ಬಂದ್ಮೇಲೆ ಮಲಗಿದಲ್ಲಿಂದಲೇ ಈ ಕಿಟಕಿಗೆ ಕಟ್ತಾ ಇದ್ದೆ."