ಪಾರಿವಾಳದ ಗುರುತು

ಬೈಬಲಿನಲ್ಲಿ ಬಾವಿಯ ಬಳಿ ದೇವರಲ್ಲಿ ಗುರುತು ಕೇಳಿ ಯಜಮಾನನ ಮಗನಿಗೆ ಹೆಣ್ಣು ಹುಡುಕಿದ ಆಳಿನ ಕಥೆಯನ್ನು ಹೇಳಿ ಹೇಳಿಯೇ ಅಜ್ಜಿ ನನ್ನನ್ನು ಬೆಳೆಸಿದ್ದಳು. ಹಾಗಾಗಿ ನನ್ನನ್ನು ನೋಡಲು ಹುಡುಗ ಬಂದ ಮಧ್ಯಾಹ್ನ ನಾನು ಅಡುಗೆಮನೆಯ ಕಿಟಕಿಯೆದುರು ಮೊಣಕಾಲೂರಿದ್ದೆ. ಫೋಟೊ ನೋಡಿದಾಗಲೇ ನನಗೆ ಒಪ್ಪಿಗೆಯಾಗಿತ್ತು. ದೇವರ ಒಪ್ಪಿಗೆಯೊಂದೇ ಬಾಕಿ.

"ಕರ್ತನೇ, ಇವನೇ ಅಂತಾದ್ರೆ ಈ ಕಿಟಕಿಗೆ ಒಂದು ಪಾರಿವಾಳ ಕಳಿಸು."

ಕಾಗೆ ಬಂತು. ಜಲಪ್ರಳಯದಲ್ಲಿ ನಾವೆಯಿಂದ ನೋಹನೂ ಮೊದಲು ಹಾರಿಬಿಟ್ಟದ್ದು ಕಾಗೆಯನ್ನೇ, ಪಾರಿವಾಳ ಆಮೇಲೆ ಎಂದು ಸಮಾಧಾನ ಮಾಡಿಕೊಂಡು, ಅದನ್ನು ಓಡಿಸಿ, ಮತ್ತೆ ಕಣ್ಣು ಮುಚ್ಚಿದೆ.

"ಪ್ರಿಸ್ಕಿಲ್ಲಾ, ಅವ್ರು ಬಂದು ಎಷ್ಟೊತ್ತಾಯ್ತು! ಹೊರಗೆ ಬಾರೇ," ಅಜ್ಜಿ ಹಜಾರದಿಂದ ಕೂಗಿದಳು.

"ಇರಜ್ಜಿ, ದೇವರ ಹತ್ರ ಮಾತಾಡ್ತಿದ್ದೀನಿ!"

"ಬಂದೋರ ಹತ್ರಾನೂ ಒಂದು ಮಾತಾಡು ತಾಯಿ!"

ನಾನು ಕಿಟಕಿಯ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿದೆ. ದೇವರಿಗೆ ಅಷ್ಟು ಸಹಾಯ ಮಾಡಿದರೆ ತಪ್ಪೇನು? ಕೊನೆಗೂ ಪಾರಿವಾಳ ಬಂದು ಕೂತಿತು. "ಸ್ತೋತ್ರ!" ಎನ್ನುತ್ತಾ ಹಜಾರಕ್ಕೆ ಓಡಿದೆ.

"ನಂಗೆ ಒಪ್ಪಿಗೆ! ದೇವರೇ ಗುರುತು ಕೊಟ್ಟ!"

ಹುಡುಗ ತಲೆ ಕೆರೆದುಕೊಂಡ.

"ನಾನೂ ಗುರುತು ಕೇಳ್ಕೊಂಡೇ ಬಂದಿದ್ದೆ. ಬಾವಿ ಹತ್ರ ರೆಬೆಕ್ಕ ಆ ಆಳಿಗೂ ಅವನ ಒಂಟೆಗಳಿಗೂ ನೀರು ಕೊಟ್ಟ ಹಾಗೆ, ಈ ಮನೇಲಿ ಯಾರು ನಂಗೂ ಆಚೆ ನಿಂತಿರೋ ಆಟೋದವನಿಗೂ ಕೇಳದೇನೇ ನೀರು ಕೊಡ್ತಾರೋ, ಅವ್ರನ್ನೇ ಮದ್ವೆ ಆಗ್ತೀನಿ ಅಂತ," ಎಂದವನು, ಖಾಲಿ ತಂಬಿಗೆ ಹಿಡಿದು ಬೀದಿ ಬಾಗಿಲಿನಿಂದ ಒಳಗೆ ಬರುತ್ತಿದ್ದ ನನ್ನ ಅಜ್ಜಿಯನ್ನು ಗಾಬರಿಯಿಂದ ನೋಡಿದ.