ನವೆಂಬರ್ ಪುಟ

ಕಾರಿನ ಗಾಜು ಏರಿಸಿದ್ದೇ ತಡ, ಆ ವಾಸನೆ ಮತ್ತೆ ಎದ್ದಿತು.

ನೀರಜಾ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಹಳಸಿದ ಬೆಣ್ಣೆ, ವಾಂತಿ, ಮಗುವಿನ ಹೊಲಸು ಬಟ್ಟೆ, ಮೂರೂ ಒಟ್ಟಿಗೆ ಬಂದು ಕೂತಂತಿತ್ತು. ಮುಂದಿನ ಸೀಟಿನಲ್ಲಿ ಅವಳು, ಪಕ್ಕದಲ್ಲಿ ಡ್ರೈವ್ ಮಾಡುತ್ತಿದ್ದ ಗಂಡ ಗಿರೀಶ, ಅವನ ಹಿಂದೆ ಅತ್ತೆ ಅನ್ನಪೂರ್ಣವ್ವ. ಯಾರಿಂದ ಎಂದು ಕೇಳಬೇಕಾಗಿಯೇ ಇರಲಿಲ್ಲ. ಎಪ್ಪತ್ತು ದಾಟಿದವರು ಕಾರಿನಲ್ಲಿ ಒಬ್ಬರೇ ಇದ್ದರು.

"ಅವ್ವಾ, ಆರಾಮ ಅದೀ ಇಲ್ಲೋ?" ಗಿರೀಶ ಕನ್ನಡಿಯಲ್ಲಿ ನೋಡಿ ಕೇಳಿದ.

"ನನಗೇನಾಗೈತಪಾ? ನಿನ್ನ ಹೇಣತಿನ್ನ ಕೇಳು. ಮಾರಿ ಸಪ್ಪಗಾಗೈತಿ."

ಟೊರೆನ್ಸಿನ ಮನೆಯಿಂದ ಸ್ಯಾನ್ ಡಿಯಾಗೋಗೆ ಹೊರಟದ್ದೇ ಒಂದು ಪರೀಕ್ಷೆಗೆ. ಅದು ಅನ್ನಪೂರ್ಣವ್ವನಿಗೂ ಗೊತ್ತಿತ್ತು. ಗಿರೀಶನಿಗೆ ಕೆಲಸ ಜಪಾನಿ ಕಂಪನಿಯಲ್ಲಿ. ಅವನು ಹುಬ್ಬಳ್ಳಿಗೆ ಕಳಿಸಿದ್ದ ಕಂಪನಿಯ ಕ್ಯಾಲೆಂಡರಿನಲ್ಲಿ ನವೆಂಬರ್ ಪುಟಕ್ಕೆ ಕ್ಯೋಟೋದ ಗುಡಿಯೊಂದಿತ್ತು, ಸುತ್ತ ಕುಂಕುಮ ಚೆಲ್ಲಿದಂಥ ಎಲೆಗಳು. ಅಂದಿನಿಂದ ಅನ್ನಪೂರ್ಣವ್ವನ ಅಡುಗೆಮನೆಯಲ್ಲಿ ವರ್ಷವಿಡೀ ನವೆಂಬರೇ. ಈ ಸಲ ಊರಿಗೆ ಮರಳುವಾಗ ಜಪಾನಿನಲ್ಲಿ ಒಂದು ವಾರ ಇಳಿದು ಆ ಗುಡಿ ತೋರಿಸುವುದೆಂದು ಮಗ ಮೂವರಿಗೂ ಬುಕ್ ಮಾಡಿದ್ದ.

"ಮೊದಲ ಸ್ಯಾನ್ ಡಿಯಾಗೋದ ಜಪಾನಿ ತೋಟಕ್ಕ ಹೋಗಿ ಬರೂಣು," ಅಂದಿದ್ದ ಹೆಂಡತಿಗೆ. "ಒಂದು ದಿನದ ತಿರುಗಾಟ ತಡಕೊಂಡ್ಲಂದ್ರ ಒಂದು ವಾರಾನೂ ತಡಕೋತಾಳ."

ಬೆಳಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಪಕ್ಕದ ಮನೆಯ ಮುಂದಿನ ಮರ ಎಲೆ ಉದುರಿಸಿ ಫುಟ್‌ಪಾತಿಗೆ ಅರಿಸಿನ ಬಳಿದಿತ್ತು. ಬೀಸಣಿಗೆಯಂಥ ಪುಟ್ಟ ಎಲೆಗಳು. ಡೈರಿಯಲ್ಲಿಡಲು ಚೆಂದದ್ದೊಂದನ್ನು ಹುಡುಕುತ್ತ ನೀರಜಾ ಅವುಗಳ ಮೇಲೆಲ್ಲ ಓಡಾಡಿದಳು. ಆ ಮನೆಯ ಜಪಾನಿ ಅಜ್ಜಿ, ಕೈಗವಸು ತೊಟ್ಟು ಮರದಡಿ ಬಗ್ಗಿದ್ದವರು, ನೆಲದತ್ತ ಬೆರಳು ಮಾಡಿ ಏನೋ ಅಂದರು. ಅಪರಿಚಿತರ ಮುಂದೆ ನಾಲಗೆ ಅಂಟಿಕೊಳ್ಳುವ ನೀರಜಾ ಸುಮ್ಮನೆ ತಲೆಬಾಗಿ ನಕ್ಕು ಕಾರು ಹತ್ತಿದಳು. ಚಳಿಯೆಂದು ಗಿರೀಶ ಕಾಲಿನತ್ತ ಹೀಟರ್ ಹಾಕಿದ. ಫ್ರೀವೇ ಸೇರುವಷ್ಟರಲ್ಲಿ ಈ ನಾತ ಶುರುವಾಗಿತ್ತು. ಪೆಟ್ರೋಲಿಗೆ ನಿಂತಾಗ ತುಸು ಹೋದಂತಾಗಿ, ಈಗ ಮತ್ತೆ.

ಹಿಂದಿನಿಂದ ಒಂದು ಕೈ ಬಂತು. ಕೈಯಲ್ಲಿ ಶೇಂಗಾ ಹೋಳಿಗೆ.

ಆ ಸುಕ್ಕು ಬೆರಳು ಕಂಡೇ ನೀರಜಾಳಿಗೆ ಓಕರಿಕೆ ಬಂತು. ಎಲ್ಲೆಲ್ಲಿ ಆಡಿ ಬಂದ ಬೆರಳೋ.

"ಬೇಡ ಅತ್ತೆ. ಹೊಟ್ಟೆ ಸರಿಯಿಲ್ಲ."

ಕೈ ಹಿಂದಕ್ಕೆ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಅತ್ತೆ ಅವಳನ್ನೇ ದಿಟ್ಟಿಸುತ್ತಿದ್ದರು.

ತೋಟದ ಚಹಾಮನೆಯಲ್ಲಿ ಚಪ್ಪಲಿಗಳನ್ನು ಹೊರಗಿನ ಕಲ್ಲಿನ ಮೇಲೆ ಬಿಟ್ಟು, ಚಾಪೆಯ ಮೇಲೆ ಮಂಡಿಯೂರಿ ಕೂರಬೇಕಿತ್ತು. ಗಿರೀಶ ಕೂತಷ್ಟೇ ಬೇಗ ಕಾಲು ಚಾಚಿದ. ಅನ್ನಪೂರ್ಣವ್ವ ಅಲುಗಲಿಲ್ಲ. ಹಸಿರು ಚಹಾದ ಬಟ್ಟಲನ್ನು ತೀರ್ಥದಂತೆ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕುಡಿದರು. ಪರೀಕ್ಷೆ ಪಾಸಾದವರ ಮುಖ. ವಿಚಿತ್ರವೆಂದರೆ ಅಲ್ಲಿ ವಾಸನೆ ಇರಲಿಲ್ಲ. ತೆರೆದ ಜಾಗ, ಗಾಳಿಗೆ ಹೋಗಿರಬೇಕು ಅಂದುಕೊಂಡಳು ನೀರಜಾ. ಆದರೂ ಸರಿದೇ ಕೂತಳು.

ಹೊರಗೆ ಬಂದು ಚಪ್ಪಲಿ ಮೆಟ್ಟಿದಾಗ ಮತ್ತೆ ಅದೇ ನಾತ ಎದ್ದಿತು. ಬಾತ್‌ರೂಮಿಗೆ ಓಡಿದಳು. ಬಾಯಿ ಒರೆಸುತ್ತ ಹೊರಬಂದರೆ ಸಿಂಕಿನ ಬಳಿ ಅತ್ತೆ. ಕೈಯಲ್ಲಿ ಒಗೆದು ಮಡಿಸಿದ ಲಂಗ.

"ಚೀಲದಾಗ ಒಂದು ಇಟ್ಟಿರತೀನಿ," ಅಂದರು ಮೆಲ್ಲಗೆ. "ಮೈಯಾಗಿಂದು ಯಾರ ಕೈಯಾಗೂ ಇರಂಗಿಲ್ಲ ತಂಗಿ. ಅದಕ್ಯಾಕ ನಾಚಿಕಿ?"

ನೀರಜಾ ಅವರನ್ನು ದಾಟಿ ಹೋದಳು. ಬದಲಿ ಲಂಗ ಹೊತ್ತೇ ತಿರುಗುತ್ತಾರೆಂದರೆ ಇದು ಇವತ್ತಿನ ಕತೆಯಲ್ಲ.

ಮರಳುವ ದಾರಿಯಲ್ಲಿ ನಾತ ತಡೆಯಲಾಗಲಿಲ್ಲ. ಗಿರೀಶ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ಬಾಗಿಲು ತೆರೆದು ಹಿಂದಕ್ಕೆ ತಿರುಗಿದ.

"ಖರೇ ಹೇಳ್ರಿ. ನಾ ಅಂತೂ ಅಲ್ಲ. ಉಳದವ್ರು ನೀವಿಬ್ಬರು."

ನೀರಜಾ ತಲೆ ತಗ್ಗಿಸಿ ಬಳೆ ತಿರುಗಿಸುತ್ತ ಕೂತಳು. ಅನ್ನಪೂರ್ಣವ್ವ ಅವಳ ಬಗ್ಗಿದ ಕತ್ತು ನೋಡಿದರು.

"ನಂದಪಾ," ಅಂದರು. "ತಡಕೊಳ್ಳಾಕ ಆಗಲಿಲ್ಲ."



"ಹಂಗಾರ ಕ್ಯೋಟೋ..." ಗಿರೀಶ ಶುರು ಮಾಡಿದ.

"ಬ್ಯಾಡ ಬಿಡು. ಗ್ವಾಡಿ ಮ್ಯಾಲಿನ ಕ್ಯಾಲೆಂಡರದಾಗ ಐತಲ್ಲ."

ಅಲ್ಲೇ ನಿಂತು ಅವನು ಟ್ರಾವೆಲ್ ಏಜೆಂಟನಿಗೆ ಫೋನ್ ಮಾಡಿದ. ಕ್ಯಾನ್ಸಲ್ ಎಂದು ಹೇಳಿ ಮೊಬೈಲ್ ಮಡಚಿದ. ನೀರಜಾಳ ಎದೆ ಹಗುರಾಯಿತು. ಒಂದು ವಾರ ಒಂದೇ ಹೋಟೆಲ್ ರೂಮಿನಲ್ಲಿ ಈ ಹೇಸಿಗೆಯ ಜೊತೆ! ಸದ್ಯ, ಬದುಕಿದೆ.

ಮನೆ ತಲುಪಿದ್ದೇ ಗಿರೀಶ ಹಿಂದಿನ ಸೀಟು ತಿಕ್ಕತೊಡಗಿದ. ಅತ್ತೆ ಬಿಚ್ಚಿಟ್ಟ ಸೀರೆಯನ್ನು ನೀರಜಾ ಎರಡೇ ಬೆರಳಲ್ಲಿ ಎತ್ತಿ ವಾಷಿಂಗ್ ಮೆಷಿನ್ನಿನತ್ತ ನಡೆದಳು. ಉಸಿರು ಬಿಗಿಹಿಡಿದಿದ್ದಳು. ಎಷ್ಟು ಹೊತ್ತು ಹಿಡಿದಾಳು? ಉಸಿರೆಳೆದಳು.

ಸೀರೆಗೆ ವಿಭೂತಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ನಾತ ಬರುತ್ತಿದ್ದುದು ಬಾಗಿಲ ಕಡೆಯಿಂದ. ಅಲ್ಲಿದ್ದವು ಅವಳವೇ ಚಪ್ಪಲಿಗಳು. ಮಗುಚಿ ನೋಡಿದಳು. ಒಂದರ ತಳಕ್ಕೆ ಬೀಸಣಿಗೆಯಂಥ ಹಳದಿ ಎಲೆಯೊಂದು ಅಂಟಿತ್ತು; ಎಲೆಯ ಕೆಳಗೆ ಜಜ್ಜಿಹೋದ, ಲೋಳೆಲೋಳೆಯ ಹಣ್ಣು. ಮೂಗಿನ ಹತ್ತಿರ ತಂದದ್ದೇ ಅದೇ ನಾತ ಮುಖಕ್ಕೆ ಬಡಿಯಿತು. ಬೆಳಗ್ಗೆ ಪಕ್ಕದ ಮನೆಯ ಅಜ್ಜಿ ಬೆರಳು ಮಾಡಿ ತೋರಿಸಿದ್ದು ಎಲೆಗಳನ್ನಲ್ಲ, ಅವುಗಳಡಿ ಬಿದ್ದ ಈ ಹಣ್ಣುಗಳನ್ನು.

ಚಪ್ಪಲಿ ಹಿಡಿದೇ ಅತ್ತೆಯ ಕೋಣೆಗೆ ಓಡಿದಳು. ಪಾಪ, ಮುದುಕಿ ತನ್ನದೇ ಎಂದು ನಂಬಿ ಕೂತುಬಿಟ್ಟಿದ್ದಾಳೆ.

"ಅತ್ತೆ, ಅದು... ಅದು ನಿಮ್ಮದಲ್ಲ!"

"ನಂದಲ್ಲಂತ ನನಗ ಗೊತ್ತಿಲ್ಲೇನ ಹುಚ್ಚಿ? ಮೆಲ್ಲಕ, ಗಿರೀಶ ಕೇಳ್ಯಾನು," ಎನ್ನುತ್ತ ಅನ್ನಪೂರ್ಣವ್ವ ಆ ಒಗೆದ ಲಂಗವನ್ನು ಮತ್ತೆ ಅವಳತ್ತ ಸರಿಸಿದರು. "ಹೊಟ್ಟಿ ಈಗರ ನಿಂತೈತೇನ ನಿಂದು?"