ಭೂಕಂಪದ ದಿನದ ಆನೆ

ಹಲಸಿನ ಹಣ್ಣಿನ ವಾಸನೆ ಬಂದರೆ ಈಗಲೂ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ.

ತಿತಿಮತಿ ಹತ್ತಿರದ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಅಂದು ಮಧ್ಯಾಹ್ನ ಅಮ್ಮ ಹಲಸು ಬಿಡಿಸುತ್ತಿದ್ದಳು. ತಮ್ಮ ತೊಟ್ಟಿಲಲ್ಲಿ ಮಲಗಿದ್ದ. ಇದ್ದಕ್ಕಿದ್ದಂತೆ ಪಾತ್ರೆಗಳು ಗಡಗಡ ಎಂದವು, ಗೋಡೆ ಅಲ್ಲಾಡಿತು. ಭೂಕಂಪವೆಂದರೆ ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆನೆ ಮಾತ್ರ. ಆನೆ ಬಂದರೆ ಬಾಗಿಲು ಹಾಕಿಕೊಂಡು ಉಸಿರೆತ್ತದೆ ಕೂರಬೇಕು.

ಅಪ್ಪ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಹಲಸಿಗೆ ಬಂದಿದೆ. ಗೋಡೆಗೆ ಮೈ ಉಜ್ತಾ ಉಂಟು. ಸುಮ್ನಿರಿ!"

"ನೆಲನೂ ಅಲ್ಲಾಡ್ತಾ ಉಂಟಲ್ಲ, ನೆಲದಡಿ ಆನೆ ಉಂಟಾ? ಬಾಗಿಲು ಬಿಡಿ, ಮಗೂನ ಹೊರಗೆ ತಕ್ಕೊಂಡು ಹೋಗ್ತೀನಿ," ಎಂದಳು ಅಮ್ಮ.

"ಹೊರಗೆ ಹೋದ್ರೆ ತುಳಿದು ಹಾಕ್ತದೆ ಕಣೆ!"

"ಸರಿ, ಹಾಗಾದ್ರೆ ಹಣ್ಣು ಕಿಟಕಿಯಿಂದ ಎಸೀರಿ. ತಿಂದು ಹೋಗ್ಲಿ."

ಅಪ್ಪ ಹಣ್ಣು ಎತ್ತಲು ಬಾಗಿಲು ಬಿಟ್ಟದ್ದೇ ತಡ, ಅಮ್ಮ ತಮ್ಮನನ್ನು ಬಾಚಿಕೊಂಡು, ಚಿಲಕ ತೆಗೆದು, ನನ್ನನ್ನು ಎಳೆದುಕೊಂಡು ಅಂಗಳಕ್ಕೆ ಓಡಿದಳು. ಹಿಂದೆಯೇ ಮಾಡಿನ ಹೆಂಚುಗಳು ಜಾರಿ ಖಾಲಿ ತೊಟ್ಟಿಲ ಮೇಲೆ ಬಿದ್ದವು.

ನಡುಕ ನಿಂತಿತು. ಅಪ್ಪ ಹೊರಗೆ ಬಂದು ಮನೆ ಸುತ್ತ ಹುಡುಕಿದ. ಲದ್ದಿಯೂ ಇಲ್ಲ, ಹೆಜ್ಜೆಯೂ ಇಲ್ಲ.

"ಭಾರಿ ಸಲಗ ಇರ್ಬೇಕು, ಓಡಿಹೋಗಿದೆ," ಎನ್ನುತ್ತ ಮಗುವಿಗೆ ಕೈ ಚಾಚಿದ.

ಅಮ್ಮ ಕೊಡಲಿಲ್ಲ. "ಮೊದ್ಲು ಹೋಗಿ ನಿಮ್ಮ ಆನೇನ ಹುಡುಕ್ಕೊಂಡು ಬನ್ನಿ," ಎಂದಳು.